ಕರಡಿ ಕಾಟಕ್ಕೆ ಯಾವುದು ಸರಿ: ಬೇಟೆಯೋ, ಭದ್ರ ಕಸದ ಡಬ್ಬಿಯೋ?

ಅಮೆರಿಕದ ನ್ಯೂಜೆರ್ಸಿಯ ಸಸೆಕ್ಸ್ ಕೌಂಟಿ ಕಡೆ ಕಪ್ಪು ಕರಡಿ ಹಿತ್ತಲಿಗೆ ಬರುವುದು ಹೊಸದೇನಲ್ಲ. ಊರ ಸಭೆಯಲ್ಲಿ ಈ ಮಾತು ಬಂದರೆ ಯಾವುದಕ್ಕೆ ಕೈ ಎತ್ತಬೇಕು?

ಬೇಟೆ: 2003ರಲ್ಲಿ ಮತ್ತೆ ಶುರುವಾಯಿತು. ನಡುವೆ ನಿಂತು, 2022ರ ಡಿಸೆಂಬರ್‌ನಲ್ಲಿ ಮರಳಿತು. ಸುಮ್ನೆ ಬಂದೂಕು ಹಿಡಿದು ಹೊರಡುವಂತಿಲ್ಲ, ಪರವಾನಗಿ ಬೇಕು. ಹೊಡೆದ ಕರಡಿಯನ್ನು ತಪಾಸಣಾ ಕೇಂದ್ರಕ್ಕೆ ತರಲೇಬೇಕು. ಅಲ್ಲಿ ತೂಕ ಹಾಕಿ, ವಯಸ್ಸು ತಿಳಿಯಲು ಚಿಕ್ಕ ಹಲ್ಲೊಂದನ್ನು ಕೀಳುತ್ತಾರೆ. ಸಂಖ್ಯೆಗೆ ಕಡಿವಾಣ ಬೀಳುತ್ತದೆ, ಲೆಕ್ಕವೂ ಸಿಗುತ್ತದೆ. ಆದರೆ ಕಾಡಿನಲ್ಲಿ ಸತ್ತದ್ದು ನಿಮ್ಮ ಕಸ ಎಳೆದ ಕರಡಿಯೇ ಆಗಿರಬೇಕಿಲ್ಲ, ಅಲ್ವಾ? ಕಾಡಿನ ಹಣ್ಣು, ಬೀಜ ಕೈಕೊಟ್ಟ ವರ್ಷ ಉಳಿದವು ಊರಿಗೆ ಬಂದೇ ಬರುತ್ತವೆ.

ಡಬ್ಬಿ: ಕೊಲೊರಾಡೋದ ಡ್ಯುರಾಂಗೋದಲ್ಲಿ ಕರಡಿ ತೆರೆಯಲಾಗದ ಡಬ್ಬಿ ಹಂಚಿ ನೋಡಿದರು. ಆ ಬಡಾವಣೆಗಳಲ್ಲಿ ಕಸದ ತಂಟೆ ಸುಮಾರು ಶೇ. 60ರಷ್ಟು ಇಳಿಯಿತು. ಖರ್ಚು ಜಾಸ್ತಿ. ಚಿಲಕ ಹಾಕದ ನೆರೆಮನೆಯವರಿದ್ದರೆ ಅರ್ಧ ಲಾಭ ಹೋಯಿತು.

ಇಡೀ ಪ್ರದೇಶದಲ್ಲಿ ಕರಡಿ ಹೆಚ್ಚಿವೆ ಎನ್ನುವುದೇ ಚಿಂತೆಯಾದರೆ ಬೇಟೆಯ ಪರ ವಾದಕ್ಕೆ ತೂಕವಿದೆ. ಹಿತ್ತಲಿನ ಕಾಟವಷ್ಟೇ ಆದರೆ ನನ್ನ ಮತ ಡಬ್ಬಿಗೆ. ಹಕ್ಕಿಗೆ ಕಾಳು ಹಾಕುವ ತಟ್ಟೆಯನ್ನೂ ಒಳಗಿಡಿ.