ಜೋಡಿ ಕಪ್ಪುಕುಳಿ ಹುಡುಕಾಟಕ್ಕೆ ಕೆಟಲೀನಾ ದತ್ತಾಂಶ: ಎಲ್ಲಿಯವರೆಗೆ ನಂಬಬಹುದು?

ಸಕ್ರಿಯ ಗ್ಯಾಲಕ್ಸಿಯೊಂದರ (ಇಂಥವುಗಳಲ್ಲಿ ಅತಿ ಪ್ರಕಾಶಮಾನವಾದವೇ ಕ್ವೇಸಾರ್) ನಡುವೆ ಎರಡು ದೈತ್ಯ ಕಪ್ಪುಕುಳಿಗಳು ಒಂದನ್ನೊಂದು ಸುತ್ತುತ್ತಿದ್ದರೆ ಅದರ ಬೆಳಕು ನಿಯತವಾಗಿ ಏರಿಳಿಯಬಹುದು. ಆ ಏರಿಳಿತ ಹುಡುಕಲು ಹೊರಟವರಿಗೆ ಆಕಾಶವನ್ನು ಮತ್ತೆ ಮತ್ತೆ ಚಿತ್ರಿಸಿದ ಕೆಟಲೀನಾ ಸರ್ವೇಯ ಎರಡನೇ ದತ್ತಾಂಶ ಬಿಡುಗಡೆ ಈಗಲೂ ಒಳ್ಳೆಯ ಆರಂಭ. ಸುಮಾರು 50 ಕೋಟಿ ಆಕಾಶಕಾಯಗಳ ಅಳತೆ ಉಚಿತವಾಗಿ ಸಿಗುತ್ತದೆ. ಕ್ವೇಸಾರ್‌ನ ಸ್ಥಾನ ಕೊಟ್ಟರೆ ಸಾಕು, ದಿನಾಂಕ, ಮ್ಯಾಗ್ನಿಟ್ಯೂಡ್ (ಹೊಳಪಿನ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ಮಸುಕು), ದೋಷಮಿತಿ, ಪಕ್ಕದ ಕಾಯದ ಬೆಳಕು ಬೆರೆತಿರುವ ಸೂಚನೆ ಎಲ್ಲ ಪಟ್ಟಿಯಾಗಿ ಬರುತ್ತವೆ.

ಬಂದ ಪಟ್ಟಿಯನ್ನು ಹಾಗೇ ಬಳಸಬೇಡಿ. ಒಂದು ರಾತ್ರಿಯಲ್ಲಿ ಸಾಮಾನ್ಯವಾಗಿ ಅರ್ಧ ಗಂಟೆಯ ಆಸುಪಾಸಿನಲ್ಲಿ ತೆಗೆದ 4 ಚಿತ್ರಗಳಿರುತ್ತವೆ. ಮೂರು ಹೊಂದಿಕೊಂಡು ಒಂದೇ ಒಂದು ಅರ್ಧ ಮ್ಯಾಗ್ನಿಟ್ಯೂಡ್ ಜಿಗಿದಿದ್ದರೆ ತಪ್ಪು ಬಹುತೇಕ ಚಿತ್ರದ್ದೇ. ಅದನ್ನು ಕಿತ್ತುಹಾಕಿ, ಉಳಿದವುಗಳ ಸರಾಸರಿಯಿಂದ ರಾತ್ರಿಗೊಂದು ಬಿಂದು ಮಾಡಿಕೊಳ್ಳಿ. ಚಿತ್ರಗಳನ್ನು ಫಿಲ್ಟರ್ ಇಲ್ಲದೆ ತೆಗೆದು ಆಮೇಲೆ ವಿ (ಹಸಿರು-ಹಳದಿ ಬೆಳಕಿನ) ಮಾಪಕಕ್ಕೆ ಹೊಂದಿಸಿರುವುದರಿಂದ ಬೇರೆ ಸರ್ವೇಯ ಅಳತೆ ಜೋಡಿಸುವಾಗ ಎರಡೂ ಒಟ್ಟಿಗೆ ನೋಡಿದ ಅವಧಿಯನ್ನು ಹೋಲಿಸಿ ಅಂತರ ಸರಿಪಡಿಸಲೇಬೇಕು. 20ನೇ ಮ್ಯಾಗ್ನಿಟ್ಯೂಡ್ ಆಸುಪಾಸಿನ ಮಸುಕು ಕ್ವೇಸಾರ್‌ಗಳಿಗೆ ಈ ದತ್ತಾಂಶ ಸಾಲದು.

ನಿಜವಾದ ಕೊರತೆ ಕಾಲಾವಧಿಯದು. ಪಿಜಿ 1302-102 ಎಂಬ ಕ್ವೇಸಾರ್ ಸುಮಾರು 5.2 ವರ್ಷಕ್ಕೊಮ್ಮೆ ಏರಿಳಿಯುತ್ತದೆ ಎಂದು 2015ರಲ್ಲಿ ಹೇಳಿದ್ದು ಮುಖ್ಯವಾಗಿ ಈ ದತ್ತಾಂಶದ ಬಲದಿಂದ. ಆದರೆ ಕೆಟಲೀನಾದ ಅಳತೆಯಲ್ಲಿ ಎರಡು ಸುತ್ತೂ ಪೂರ್ತಿ ಸಿಗುವುದಿಲ್ಲ. ಒಂಟಿ ಕಪ್ಪುಕುಳಿಯ ಅನಿಲ ತಟ್ಟೆಯೂ ಯದ್ವಾತದ್ವಾ ಮಿನುಗುತ್ತದೆ. ಆ ಮಿನುಗಿನಲ್ಲಿ ನಿಧಾನದ ಏರಿಳಿತಗಳೇ ದೊಡ್ಡವು. ಹಾಗಾಗಿ ಒಂದೂವರೆ, ಎರಡು ಸುತ್ತಿನ ಸುಂದರ ಅಲೆ ತಾನಾಗಿಯೇ ಮೂಡಬಹುದು. ಲಕ್ಷಗಟ್ಟಲೆ ಕ್ವೇಸಾರ್ ಜಾಲಾಡಿದರೆ ಅಂಥವು ಸಿಕ್ಕೇ ಸಿಗುತ್ತವೆ. 2018ರಲ್ಲಿ ಆಸಾಸ್-ಎಸ್ಎನ್ ಎಂಬ ಇನ್ನೊಂದು ಸರ್ವೇಯ ಅಳತೆಗಳನ್ನು ಸೇರಿಸಿದಾಗ ಪಿಜಿ 1302ರ ನಿಯತತೆಯ ಪುರಾವೆ ಬಲಗೊಳ್ಳುವ ಬದಲು ಕುಗ್ಗಿತು.

ಯಾವ ಅವಧಿಯ ಏರಿಳಿತ ಎಷ್ಟು ಬಲವಾಗಿದೆ ಎಂದು ತೋರಿಸುವ ಲಾಂಬ್-ಸ್ಕಾರ್ಗಲ್ ಚಿತ್ರದಲ್ಲಿ ಎತ್ತರದ ಶಿಖರ ಕಂಡೊಡನೆ ಹಿಗ್ಗಬೇಡಿ. ಆ ವಿಧಾನ ಮಾಮೂಲಾಗಿ ಕೊಡುವ ಸುಳ್ಳು ಎಚ್ಚರಿಕೆಯ ಸಂಭವನೀಯತೆ (ಶಿಖರ ಆಕಸ್ಮಿಕವಾಗಿ ಮೂಡಿರುವ ಸಾಧ್ಯತೆ) ನಿಧಾನ, ವೇಗದ ಏರಿಳಿತಗಳೆಲ್ಲ ಸಮವಾಗಿರುವ ಬಿಳಿ ಗದ್ದಲಕ್ಕೆ ಹೊಂದುವಂಥದ್ದು, ಕ್ವೇಸಾರ್‌ಗಲ್ಲ. ಡ್ಯಾಂಪ್ಡ್ ರ‍್ಯಾಂಡಮ್ ವಾಕ್ (ಗೊತ್ತುಗುರಿಯಿಲ್ಲದೆ ಅಲೆದು ಮತ್ತೆ ಸರಾಸರಿಯತ್ತ ಮರಳುವ ಏರಿಳಿತ) ಮಾದರಿಯಲ್ಲಿ ಕನಿಷ್ಠ ಸಾವಿರ ಕೃತಕ ಲೈಟ್ ಕರ್ವ್ (ಕಾಲಕ್ಕೆ ತಕ್ಕಂತೆ ಬೆಳಕು ಬದಲಾಗುವ ರೇಖೆ) ತಯಾರಿಸಿ, ಅದೇ ದಿನಾಂಕಗಳಲ್ಲಿ, ಅದೇ ದೋಷಮಿತಿಯಲ್ಲಿ ಮಾದರಿ ತೆಗೆದು, ಎಷ್ಟರಲ್ಲಿ ಅಷ್ಟೇ ಎತ್ತರದ ಶಿಖರ ಬರುತ್ತದೆ ಎಣಿಸಿ. ಎಷ್ಟು ಕ್ವೇಸಾರ್ ಹುಡುಕಿದಿರಿ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಐದು ಸುತ್ತಾದರೂ ಕಾಣುವವರೆಗೆ ಅದನ್ನು ಅಭ್ಯರ್ಥಿ ಎಂದಷ್ಟೇ ಕರೆಯುವುದು ನ್ಯಾಯ.

ಈ ಪರೀಕ್ಷೆ ದಾಟಿ ಬಂದವುಗಳಿಗೆ 2018ರಿಂದೀಚಿನ, ಮತ್ತೊಂದು ಆಕಾಶ ಸರ್ವೇಯಾದ ಝಡ್‌ಟಿಎಫ್ ಅಳತೆ ಸೇರಿಸಿ. ಅಲ್ಲಿ ಜಿ (ಹಸಿರು), ಆರ್ (ಕೆಂಪು) ಬಣ್ಣಗಳು ಬೇರೆಬೇರೆಯಾಗಿ ಸಿಗುತ್ತವೆ. ಏರಿಳಿತಕ್ಕೆ ಕಕ್ಷಾವೇಗದ ಡಾಪ್ಲರ್ ವರ್ಧನೆ (ನಮ್ಮತ್ತ ಬರುವಾಗ ಬೆಳಕು ಹೆಚ್ಚಿ, ದೂರ ಸರಿಯುವಾಗ ಕುಗ್ಗುವುದು) ಕಾರಣವಾಗಿದ್ದರೆ ಎಲ್ಲ ಬಣ್ಣದಲ್ಲೂ ಅದೇ ಅವಧಿ ಬರಬೇಕು, ಅಲೆಯ ಎತ್ತರ ಮಾತ್ರ ಆಯಾ ಬಣ್ಣದ ರೋಹಿತದ ಇಳಿಜಾರಿಗೆ (ತರಂಗಾಂತರದೊಂದಿಗೆ ಬೆಳಕು ಏರುವ ಇಲ್ಲವೇ ಇಳಿಯುವ ರೀತಿಗೆ) ತಕ್ಕಂತೆ ಬದಲಾಗಬೇಕು.