ಫೋನ್ ಇರುವಾಗ ಹಳೇ ಹ್ಯಾಂಡಿಕ್ಯಾಮ್ ಯಾಕೆ ಕೊಂಡೆ

ಕಳೆದ ವರ್ಷ ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಹ್ಯಾಂಡಿಕ್ಯಾಮ್ ಕೊಂಡೆ. ಎಂಟು ಸಾವಿರ ರೂಪಾಯಿ. ಮೆಮೊರಿ ಕಾರ್ಡ್ ಹಾಕುವಂಥದ್ದು, ಎವಿಸಿಎಚ್‌ಡಿ ಎಂಬ ವಿಡಿಯೋ ಮಾದರಿಯಲ್ಲಿ ರೆಕಾರ್ಡ್ ಮಾಡುತ್ತದೆ. ನೋಡಿದವರೆಲ್ಲ ನಕ್ಕರು. "ಫೋನಲ್ಲೇ ಫೋರ್ ಕೆ ಬರುತ್ತಲ್ಲ ಮಾರಾಯ್ರೇ" ಅಂದರು. ಬರುತ್ತೆ, ಇಲ್ಲ ಅನ್ನೋದಿಲ್ಲ. ಆದರೆ ಟೇಪ್ ಕ್ಯಾಮೆರಾ, ಡಿಸ್ಕ್ ಕ್ಯಾಮೆರಾ, ಫೋನು ಎಲ್ಲ ನಮ್ಮ ಮನೆಯಲ್ಲಿ ಆಗಿಹೋಗಿದೆ. ಅವುಗಳಲ್ಲಿ ನನ್ನ ತಲೆ ಕಡಿಮೆ ತಿಂದಿದ್ದು ಇದೊಂದೇ.

ನಾನು ತೆಗೆಯುವುದು ಉದ್ದುದ್ದ ಕಾರ್ಯಕ್ರಮ. ಊರಿನ ಯಕ್ಷಗಾನ, ಮಗಳ ಶಾಲೆಯ ವಾರ್ಷಿಕೋತ್ಸವ, ಮನೆಯ ಪೂಜೆ, ಉಪನಯನ. ಹಿಂದಿನ ಸಾಲಿನಲ್ಲಿ ಟ್ರೈಪಾಡ್ ಹಾಕಿ ಕೂತರೆ ಮುಗಿಯುವ ತನಕ ಏಳುವುದಿಲ್ಲ. ಎಡಿಟಿಂಗ್ ಮಾಡುವ ತಾಳ್ಮೆ ಇಲ್ಲ. ಅಮ್ಮ ಟಿವಿಯಲ್ಲಿ ನೋಡಬೇಕು, ಅಷ್ಟೇ ಗುರಿ. ನೀವು ರೀಲ್ಸ್ ಮಾಡುವವರಾದರೆ ಇಲ್ಲಿಗೇ ನಿಲ್ಲಿಸಬಹುದು. ನಿಮಗೆ ಫೋನೇ ಸಾಕು.

ಮೊದಲು ಬಂದಿದ್ದು ಟೇಪ್ ಕ್ಯಾಮೆರಾ. ಮಿನಿ ಡಿವಿ. ಅಮೆರಿಕದಿಂದ ಬಂದ ಭಾವ ತಂದುಕೊಟ್ಟಿದ್ದು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಕ್ಯಾಸೆಟ್ಟು, ಒಂದು ಗಂಟೆ ಓಡುತ್ತದೆ. ಬಿಸಿಲಲ್ಲಿ ಚಿತ್ರ ಎಷ್ಟು ಚೆನ್ನಾಗಿ ಬರುತ್ತಿತ್ತು ಅಂದ್ರೆ, ಇವತ್ತಿಗೂ ಅದರ ಅಂಗಳದ ದೃಶ್ಯಗಳನ್ನು ನೋಡಲು ಖುಷಿ. ಮನೆಯೊಳಗೆ ಬಂದರೆ ಮಾತ್ರ ಗೋಡೆಯೆಲ್ಲ ಪಟಪಟ ಮಿಣುಕುತ್ತಿತ್ತು. ಕ್ಯಾಮೆರಾ ಕೆಟ್ಟಿರಲಿಲ್ಲ. ಅದು ಅಮೆರಿಕದ ಎನ್‌ಟಿಎಸ್‌ಸಿ ಮಾದರಿ, ಅಂದರೆ ಸೆಕೆಂಡಿಗೆ ಸುಮಾರು 60 ಸಲ ಚಿತ್ರ ಹಿಡಿಯುತ್ತದೆ. ನಮ್ಮ ಕರೆಂಟು 50 ಹರ್ಟ್ಸ್. ಚೋಕ್ ಇರುವ ಹಳೇ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಈ ಎರಡು ತಾಳ ಕೂಡುವುದಿಲ್ಲ. ಶಟರನ್ನು 1/100ಕ್ಕೆ ಇಟ್ಟರೆ ಮಿಣುಕು ನಿಲ್ಲುತ್ತದೆ, ಆದರೆ ಚಿತ್ರ ಕತ್ತಲಾಗುತ್ತದೆ. ಹೊರದೇಶದಿಂದ ಯಾರಾದರೂ ಹಳೇ ಕ್ಯಾಮೆರಾ ಕೊಡುತ್ತೇನೆ ಅಂದರೆ ನಮ್ಮ ಕಡೆಯ, ಸೆಕೆಂಡಿಗೆ 50 ಸಲ ಚಿತ್ರ ಹಿಡಿಯುವ ಪಾಲ್ ಮಾದರಿಯಾ ಅಂತ ಮೊದಲು ಕೇಳಿ.

ಟೇಪಿನ ಇನ್ನೊಂದು ಕಷ್ಟ ಎಲ್ಲರಿಗೂ ಗೊತ್ತು. ಒಂದು ಗಂಟೆಯ ಟೇಪ್ ಕಂಪ್ಯೂಟರಿಗೆ ಹೋಗಲು ಒಂದು ಗಂಟೆಯೇ ಬೇಕು, 13 ಜಿಬಿ ಜಾಗವೂ ಬೇಕು. ಅದಕ್ಕೆ ಬೇಕಾದ ಫೈರ್‌ವೈರ್ ಎಂಬ ಸಾಕೆಟ್ ಈಗಿನ ಲ್ಯಾಪ್‌ಟಾಪಲ್ಲಿ ಇಲ್ಲ. ನಾನು ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಅಲೆದು ಆ ಸಾಕೆಟ್ ಇರುವ ಒಂದು ಕಾರ್ಡ್ ತಂದು, ಹಳೇ ಡೆಸ್ಕ್‌ಟಾಪಿಗೆ ಸಿಕ್ಕಿಸಿ ಕೆಲಸ ಮುಗಿಸಿದೆ. ಟೇಪುಗಳು ಮಾತ್ರ ಇಷ್ಟು ವರ್ಷ ಬೀರುವಿನಲ್ಲಿ ಬಿದ್ದಿದ್ದರೂ ಓಡಿದವು. ಆ ಮಟ್ಟಿಗೆ ಟೇಪ್ ಮೇಲೆ ನನಗೆ ಮರ್ಯಾದೆ ಇದೆ. ನಿಮ್ಮ ಹತ್ತಿರ ಟೇಪ್ ಇದ್ದರೆ ಕ್ಯಾಮೆರಾ ಇನ್ನೂ ಉಸಿರಾಡುತ್ತಿರುವಾಗಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ.

ಈಗ ಡಿಸ್ಕ್ ಕ್ಯಾಮೆರಾ ವಿಷಯ. ಇದರ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

2007ರಲ್ಲಿ ಅಣ್ಣ ತಗೊಂಡಿದ್ದು. ಆಗ ಎಲ್ಲರ ಮನೆಗೂ ಡಿವಿಡಿ ಪ್ಲೇಯರ್ ಬಂದಿತ್ತು. ರೆಕಾರ್ಡ್ ಮಾಡು, ಡಿಸ್ಕ್ ತೆಗಿ, ಪ್ಲೇಯರಿಗೆ ಹಾಕು. ಅಂಗಡಿಯವರು ಹೀಗೆ ಹೇಳಿಯೇ ಮಾರಿದ್ದು. 8 ಸೆಂಟಿಮೀಟರಿನ ಪುಟ್ಟ ಡಿಸ್ಕು, 1.4 ಜಿಬಿ. ಒಳ್ಳೆಯ ಗುಣಮಟ್ಟದಲ್ಲಿ 20 ನಿಮಿಷ, ಸಾಧಾರಣದಲ್ಲಿ ಅರ್ಧ ಗಂಟೆ. ಮದುವೆಯಲ್ಲಿ ಪುರೋಹಿತರು ಗಟ್ಟಿಮೇಳ ಅನ್ನುವ ಹೊತ್ತಿಗೇ ಡಿಸ್ಕ್ ತುಂಬಿತು ಅಂತ ಕ್ಯಾಮೆರಾ ಕಿರುಚಿದ್ದನ್ನು ನೆಂಟರು ಈಗಲೂ ಹೇಳಿ ನಗುತ್ತಾರೆ.

ಅದು ನಗುವ ವಿಷಯ, ಬಿಡಿ. ನಿಜವಾದ ಕಾಟ ಇರುವುದು ಫೈನಲೈಸ್ ಅನ್ನುವ ಗುಂಡಿಯಲ್ಲಿ. ರೆಕಾರ್ಡ್ ಆದ ಡಿಸ್ಕನ್ನು ಹಾಗೇ ತೆಗೆದು ಪ್ಲೇಯರಿಗೆ ಹಾಕಿದರೆ ಏನೂ ಬರುವುದಿಲ್ಲ. ಕ್ಯಾಮೆರಾದಲ್ಲೇ ಫೈನಲೈಸ್ ಮಾಡಬೇಕು. ಆಗ ಡಿಸ್ಕಿನ ಮೇಲೆ ಯಾವ ದೃಶ್ಯ ಎಲ್ಲಿದೆ ಎಂಬ ಪಟ್ಟಿ ಬರೆಯಲ್ಪಡುತ್ತದೆ. ಪ್ಲೇಯರು ಹುಡುಕುವುದು ಆ ಪಟ್ಟಿಯನ್ನೇ. ಇದಕ್ಕೆ ಬ್ಯಾಟರಿ ಸಾಲದು, ಅಡಾಪ್ಟರ್ ಹಾಕಿ ಅನ್ನುತ್ತದೆ. ಕೆಲವು ನಿಮಿಷ ಅಲುಗಾಡಿಸದೆ ಇಡಬೇಕು. ನಮ್ಮೂರಲ್ಲಿ ಅಷ್ಟರೊಳಗೆ ಕರೆಂಟ್ ಹೋದರೆ? ದೇವರೇ ಗತಿ.

ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಒಂದೇ ಸಲ ಬರೆಯುವ ಡಿಸ್ಕಾದರೆ, ಫೈನಲೈಸ್ ಆದ ಮೇಲೆ ಜಾಗ ಉಳಿದಿದ್ದರೂ ಮತ್ತೆ ಬರೆಯಲು ಆಗದು. ನಮ್ಮ ಮನೆಯಲ್ಲಿ ಯಾರು ತಾನೇ ಏಳು ನಿಮಿಷ ಜಾಗ ಇರುವ ಡಿಸ್ಕನ್ನು ಮುಚ್ಚಿ ಬಿಸಾಕುತ್ತಾರೆ? "ಇನ್ನೂ ಜಾಗ ಇದೆ, ಮುಂದಿನ ಹಬ್ಬಕ್ಕೆ ಆಗುತ್ತೆ" ಅಂತ ಪೆಟ್ಟಿಗೆಗೆ ಹೋಯಿತು. ಮುಂದಿನ ಹಬ್ಬಕ್ಕೆ ಇನ್ನೊಂದು ಡಿಸ್ಕು ಬಂತು. ಹೀಗೆ ಪೆಟ್ಟಿಗೆ ತುಂಬಿತು. ಒಂದು ದಿನ ಕ್ಯಾಮೆರಾ ಯಾವ ಡಿಸ್ಕ್ ಹಾಕಿದರೂ "ಡಿಸ್ಕ್ ದೋಷ" ಎಂದು ತೋರಿಸತೊಡಗಿತು. ರಿಪೇರಿಗೆ ಕೊಟ್ಟರೆ ಬಿಡಿಭಾಗ ಬರುವುದು ನಿಂತಿದೆ ಅಂದರು.

ಕಂಪ್ಯೂಟರಿಗೆ ಹಾಕಿದರೆ "ಖಾಲಿ ಡಿಸ್ಕ್" ಅನ್ನುತ್ತದೆ. ಆದರೆ ಡಿಸ್ಕನ್ನು ತಿರುಗಿಸಿ ಕಿಟಕಿಯ ಬೆಳಕಿಗೆ ಹಿಡಿದರೆ, ನೇರಳೆ ತಳದಲ್ಲಿ ಬರೆದ ಭಾಗ ಬೇರೆ ಬಣ್ಣದ ಬಳೆಯ ಹಾಗೆ ಕಣ್ಣಿಗೇ ಕಾಣುತ್ತದೆ! ಅಜ್ಜಿಯ ದನಿ ಆ ಬಳೆಯೊಳಗೆ ಎಲ್ಲೋ ಇದೆ, ಕಂಪ್ಯೂಟರ್ ಮಾತ್ರ ಒಪ್ಪುತ್ತಿಲ್ಲ. ಕೊನೆಗೆ ಫೈನಲೈಸ್ ಆಗದ ಡಿಸ್ಕನ್ನೂ ತುಣುಕು ತುಣುಕಾಗಿ ಓದುವ ಒಂದು ಸಾಫ್ಟ್‌ವೇರ್ ಹಾಕಿ ರಾತ್ರಿಗಟ್ಟಲೆ ಕೂತೆ. ಹೆಚ್ಚಿನವು ಬಂದವು. ಕೆಲವು ಅರ್ಧಕ್ಕೆ ನಿಂತವು. ಇದಕ್ಕೆ ಟ್ರೇ ಹೊರಗೆ ಬರುವ ಡ್ರೈವೇ ಬೇಕು. ಸೀಳಿನೊಳಗೆ ಡಿಸ್ಕ್ ನುಂಗುವ ಡ್ರೈವಿಗೆ ಈ ಪುಟ್ಟ ಡಿಸ್ಕ್ ತುರುಕಿದರೆ ಒಳಗೇ ಸಿಕ್ಕಿಕೊಳ್ಳಬಹುದು. ಹಳೇ ಸಾಮಾನಿನ ಅಂಗಡಿಯಲ್ಲಿ ಡಿಸ್ಕ್ ಕ್ಯಾಮೆರಾ ಐನೂರು ರೂಪಾಯಿಗೆ ಸಿಕ್ಕರೂ ನನಗೆ ಬೇಡ.

ಒಳಗೇ ಹಾರ್ಡ್ ಡಿಸ್ಕ್ ಇರುವ ಕ್ಯಾಮೆರಾಗಳೂ ಇದ್ದವು. ಕೆಲವದರ ಕೈಪಿಡಿಯಲ್ಲಿ 3000 ಮೀಟರಿಗಿಂತ ಎತ್ತರದಲ್ಲಿ ಬಳಸಬೇಡಿ ಎಂದಿರುತ್ತದೆ. ಮುಳ್ಳಯ್ಯನಗಿರಿಯೇ 2000 ಮೀಟರ್ ಮುಟ್ಟುವುದಿಲ್ಲ, ಹಾಗಾಗಿ ನಮಗೇನೂ ತೊಂದರೆ ಇಲ್ಲ. ಲಡಾಖಿಗೆ ಹೋಗುವವರು ನೋಡಿಕೊಳ್ಳಬೇಕು.

ಇನ್ನು ಫೋನು ಮತ್ತು ನನ್ನ ಹ್ಯಾಂಡಿಕ್ಯಾಮು. ಶಾಲೆಯ ವಾರ್ಷಿಕೋತ್ಸವದಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ತೆಗೆದೆ. ಅದು ಸಾಲದು ಅಂತ ದೇವಸ್ಥಾನದ ಬಯಲಿನ ಯಕ್ಷಗಾನದ ಆಟದಲ್ಲೂ ಇಟ್ಟೆ.

ಫೋನ್ ಗೆದ್ದಿದ್ದು ಮಂದ ಬೆಳಕಿನಲ್ಲಿ. ದೀಪಾರಾಧನೆ ಹೊತ್ತಿಗೆ ಫೋನಿನ ಚಿತ್ರ ಶುಭ್ರ. ಹ್ಯಾಂಡಿಕ್ಯಾಮಿನದ್ದು ರವೆ ಚೆಲ್ಲಿದ ಹಾಗೆ. ಅದರ ಸೆನ್ಸರ್ ಪುಟ್ಟದು, ಅಲ್ಲಿ ವಾದ ಮಾಡಿ ಪ್ರಯೋಜನವಿಲ್ಲ.

ಆದರೆ ರಂಗದ ಬೆಳಕಿನಲ್ಲಿ ಕಥೆ ತಿರುಗಿತು. ಕತ್ತಲೆ ಹಿನ್ನೆಲೆ, ಮುಖದ ಮೇಲೆ ಮಾತ್ರ ಕಣ್ಣು ಕುಕ್ಕುವ ಬೆಳಕು. ಫೋನ್ ಕತ್ತಲನ್ನೂ ಬೆಳಗಿಸಲು ಹೋಗಿ ಮುಖವನ್ನು ಸುಣ್ಣ ಬಳಿದಂತೆ ಮಾಡಿತು. ಬಣ್ಣದ ವೇಷದವರ (ರಾಕ್ಷಸ ಪಾತ್ರದವರ) ಮುಖದ ಮೇಲೆ ಅಕ್ಕಿಹಿಟ್ಟಿನಿಂದ ಇಟ್ಟ ಬಿಳಿ ಚುಕ್ಕಿಗಳ ಚಿಟ್ಟಿ ಫೋನಿನಲ್ಲಿ ಒಂದೇ ಬಿಳಿ ಮುದ್ದೆ. ಹ್ಯಾಂಡಿಕ್ಯಾಮಿನಲ್ಲಿ, ಜೋರು ಬೆಳಕು ಬಿದ್ದ ಮುಖ ಬಿಳಿಚಿಕೊಳ್ಳದಂತೆ ನೋಡಿಕೊಳ್ಳುವ ಸ್ಪಾಟ್‌ಲೈಟ್ ಎಂಬ ಆಯ್ಕೆ ಇದೆ. ಅದನ್ನು ಒತ್ತಿ, ಪೂರ್ತಿ ಜೂಮ್ ಮಾಡಿದರೆ ಚಿಟ್ಟಿಯ ಒಂದೊಂದು ಚುಕ್ಕಿಯೂ ಬಿಡಿಬಿಡಿಯಾಗಿ ಕಂಡಿತು. ಹುಬ್ಬಿನ ಕಪ್ಪು ಗೆರೆ ಬೆವರಿಗೆ ಇಳಿಯುತ್ತಿರುವುದೂ ಕಂಡಿತು. ಅಷ್ಟು ದೂರದಿಂದ!

ಜೂಮ್ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಇದರಲ್ಲಿ ಮಸೂರದ್ದೇ 30 ಪಟ್ಟು ಇದೆ. ಜೂಮ್ ಗುಂಡಿಯನ್ನು ಮೆಲ್ಲಗೆ ಒತ್ತಿದರೆ ಮೆಲ್ಲಗೆ ಹತ್ತಿರ ಹೋಗುತ್ತದೆ, ಜೋರಾಗಿ ಒತ್ತಿದರೆ ಜೋರಾಗಿ. ಮೈಮೇಲೆ ಬರೆದಿರುವ ಸಾವಿರ ಪಟ್ಟಿನ ಡಿಜಿಟಲ್ ಜೂಮ್ ಲೆಕ್ಕಕ್ಕಿಲ್ಲ, ಮೊದಲ ದಿನವೇ ಆಫ್ ಮಾಡಿ. ಟ್ರೈಪಾಡ್ ಇಲ್ಲದೆ ಪೂರ್ತಿ ಜೂಮ್ ಮಾಡಬೇಡಿ.

ಫೋನಿನ ಉಳಿದ ತಾಪತ್ರಯ ನಿಮಗೂ ಗೊತ್ತು. ನಡುವೆ ಫೋನ್ ಬರುತ್ತೆ (ಏರೋಪ್ಲೇನ್ ಮೋಡ್ ಇದೆ, ಸರಿ). ಬಿಸಿಯಾಗುತ್ತೆ. ಫೋರ್ ಕೆ ಇಟ್ಟರೆ ಗಂಟೆಗೆ 20 ಜಿಬಿ ಹತ್ತಿರ ತಿನ್ನುತ್ತೆ. ಬ್ಯಾಟರಿ ಮುಗಿದರೆ ಮನೆಗೆ ಹೋಗಲು ಆಟೋ ಕರೆಯುವುದಕ್ಕೂ ಇಲ್ಲ. ಹ್ಯಾಂಡಿಕ್ಯಾಮಿನಲ್ಲಿ 32 ಜಿಬಿ ಕಾರ್ಡಿಗೆ, 17 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 17 ಮೆಗಾಬಿಟ್), ನಾಲ್ಕು ಗಂಟೆ ಹಿಡಿಯುತ್ತದೆ. ರಾತ್ರಿಯಿಡೀ ನಡೆಯದೆ ಕೆಲವೇ ಗಂಟೆಯಲ್ಲಿ ಮುಗಿಯುವ ಕಾಲಮಿತಿ ಯಕ್ಷಗಾನಕ್ಕೆ ಒಂದೇ ಕಾರ್ಡ್ ಸಾಕು. ಬ್ಯಾಟರಿಯನ್ನು ಪ್ರಸಂಗದ ನಡುವೆ ಬದಲಿಸಬಹುದು.

ದನಿಯಲ್ಲಿ ಎರಡಕ್ಕೂ ಒಂದೇ ರೋಗ. ಶಬ್ದವನ್ನು ತಾವೇ ಏರಿಸಿ ಇಳಿಸುತ್ತವೆ. ಚಂಡೆಯ ಒಂದು ಪೆಟ್ಟು ಬಿದ್ದರೆ ಸಾಕು, ಭಾಗವತರ ದನಿ ಬಾವಿಗೆ ಬಿದ್ದಂತಾಗಿ, ಆಮೇಲೆ ಮೆಲ್ಲಗೆ ಮೇಲೆ ಬರುತ್ತದೆ. ನನ್ನ ಹ್ಯಾಂಡಿಕ್ಯಾಮಿನ ಮೆನುವಿನಲ್ಲಿ ಮೈಕಿನ ಮಟ್ಟ ಕಡಿಮೆ ಮಾಡುವ ಆಯ್ಕೆ ಇದೆ. ಅದನ್ನು ಹಾಕಿದ ಮೇಲೆ ಎಷ್ಟೋ ವಾಸಿ. ಫೋನಿನ ಜೊತೆ ಬಂದ ಆ್ಯಪ್‌ನಲ್ಲಿ ಅಂಥದ್ದು ನನಗೆ ಸಿಗಲಿಲ್ಲ.

ಮುದ್ದಿನ ಕ್ಯಾಮೆರಾ ಅಂತ ಅದರ ಕೊಂಕು ಮುಚ್ಚಿಡುವುದಿಲ್ಲ. ಇದು ಉದ್ದದ ರೆಕಾರ್ಡಿಂಗನ್ನು 2 ಜಿಬಿಗೆ ಒಂದರಂತೆ ಕತ್ತರಿಸಿ ಇಡುತ್ತದೆ. ಅಂದರೆ ಸುಮಾರು 16 ನಿಮಿಷಕ್ಕೊಂದು ಫೈಲ್. ಬಿಡಿಬಿಡಿಯಾಗಿ ಓಡಿಸಿದರೆ ಜೋಡಣೆಯ ಜಾಗದಲ್ಲಿ ಪದ್ಯದ ಒಂದು ಅಕ್ಷರ ನುಂಗಿಹೋಗುತ್ತದೆ. ಕ್ಯಾಮೆರಾ ಜೊತೆಗಿನ ಸಾಫ್ಟ್‌ವೇರಿನಿಂದ ಇಳಿಸಿಕೊಂಡರೆ ಅದೇ ಜೋಡಿಸಿಕೊಡುತ್ತದೆ. ಕಾರ್ಡಿನ ಫೋಲ್ಡರ್‌ಗಳನ್ನು ಇದ್ದ ಹಾಗೇ ಪೂರ್ತಿ ಕಾಪಿ ಮಾಡಿಟ್ಟುಕೊಳ್ಳಿ, ವಿಡಿಯೋ ಫೈಲ್ ಮಾತ್ರ ಎಳೆದುಕೊಳ್ಳಬೇಡಿ. ಕಂಪ್ಯೂಟರಲ್ಲಿ ಕೈ ಬೀಸಿದಾಗ ಬಾಚಣಿಗೆ ಹಲ್ಲಿನಂಥ ಗೆರೆ ಕಂಡರೆ ಗಾಬರಿ ಬೇಡ. ವಿಡಿಯೋ ಓಡಿಸುವ ಸಾಫ್ಟ್‌ವೇರಿನಲ್ಲಿ ಆ ಗೆರೆ ಹೋಗಲಾಡಿಸುವ ಡಿಇಂಟರ್‌ಲೇಸ್ ಆಯ್ಕೆ ಹಾಕಿ. ಟಿವಿಯಲ್ಲಿ ಅದು ಕಾಣುವುದಿಲ್ಲ.

ಇಷ್ಟು ದೂರದಿಂದ ಮುಖ ಹಿಡಿಯುವ ಫೋನ್ ಬೇಕೆಂದರೆ ನನ್ನ ಎಂಟು ಸಾವಿರಕ್ಕೆ ಮುಂದೆ ಒಂದು ಸೊನ್ನೆ ಸೇರಿಸಬೇಕು. ಅಷ್ಟು ನನ್ನ ಕೈಯಲ್ಲಿಲ್ಲ, ಇದ್ದರೂ ಮಗಳ ಫೀಸಿಗೆ ಹೋಗುತ್ತದೆ. ಹುಟ್ಟುಹಬ್ಬ, ಪ್ರವಾಸ, ಮಗುವಿನ ತುಂಟಾಟಕ್ಕೆ ನಾನೂ ಫೋನೇ ತೆಗೆಯುತ್ತೇನೆ. ಒಂದು ಗಂಟೆ ಮೀರುವ ಎಲ್ಲದಕ್ಕೂ ಹ್ಯಾಂಡಿಕ್ಯಾಮ್. ಮೇಳದವರ ಹತ್ತಿರ ಮೊದಲೇ ಕೇಳಿಕೊಳ್ಳುತ್ತೇನೆ, ತೆಗೆದದ್ದನ್ನು ಯೂಟ್ಯೂಬಿಗೆ ಹಾಕುವುದಿಲ್ಲ.

ಹಳೆಯದು ಕೊಳ್ಳುವವರು ಐದು ನಿಮಿಷ ರೆಕಾರ್ಡ್ ಮಾಡಿ ಅಲ್ಲೇ ನೋಡಿ. ಬಿಳಿ ಗೋಡೆಗೆ ಹಿಡಿದು ಕಲೆ ಇದೆಯಾ ನೋಡಿ. ಜೂಮ್ ಮಾಡಿದಾಗ ಮೋಟರಿನ ಸದ್ದು ದನಿಯಲ್ಲಿ ಬರುತ್ತಾ ಕೇಳಿ. ಮಾಮೂಲಿ ಎಸ್‌ಡಿ ಕಾರ್ಡ್ ಹಿಡಿಯುತ್ತಾ ವಿಚಾರಿಸಿ, ಹಳೇ ಕೆಲವಕ್ಕೆ ಆ ಕಂಪನಿಯದೇ ಕಾರ್ಡ್ ಬೇಕು. ಕಡಿಮೆ ಬೆಲೆಯ ಬೇರೆ ಬ್ಯಾಟರಿ ಹಾಕಿದರೆ ನನ್ನದು ಮುಷ್ಕರ ಹೂಡಿತು, ಹಾಗಾಗಿ ಬ್ಯಾಟರಿಯನ್ನು ಕ್ಯಾಮೆರಾಗೆ ಹಾಕಿ ನೋಡಿಯೇ ದುಡ್ಡು ಕೊಡಿ. ಚಾರ್ಜರ್ ಇಲ್ಲ, ಹೊರಗೆ ಸಿಗುತ್ತೆ ಅನ್ನುವವರ ಹತ್ತಿರ ಮಾತ್ರ ತಗೊಳ್ಳಲೇಬೇಡಿ. ಕೆಲವು ಮಾದರಿಯಲ್ಲಿ ಬ್ಯಾಟರಿ ಕ್ಯಾಮೆರಾದೊಳಗೆ ಇದ್ದಾಗಲೇ ಚಾರ್ಜ್ ಆಗುವುದು, ಅದರ ಪಿನ್ನೂ ಬೇರೆ ಯಾವುದಕ್ಕೂ ಹೊಂದುವುದಿಲ್ಲ.