ಗದಗಿನ ಗಾಳಿಯಲ್ಲಿ ಫೋಕಸಿಂಗ್ ರೇಲ್: ಎರಡು ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಮನೆಯೊಳಗೆ ಕೂತು ಫೋಟೋ ತೆಗೆಯುವವರು ಮ್ಯಾಕ್ರೊ ಫೋಕಸಿಂಗ್ ರೇಲ್ ಕಣ್ಣುಮುಚ್ಚಿ ತಗೊಳ್ಳಬಹುದು. ಹುಳದಂಥ ಚಿಕ್ಕದನ್ನು ತೀರಾ ಹತ್ತಿರದಿಂದ ತೆಗೆಯುವಾಗ (ಅದೇ ಮ್ಯಾಕ್ರೊ) ಕ್ಯಾಮೆರಾ ಚೂರುಚೂರೇ ಸರಿಸುವ ಪಟ್ಟಿ ಇದು. ಹೊರಗೆ ಒಯ್ಯುವ ಆಸೆ ಇದ್ದರೆ, ಅದೂ ಗದಗಿನಲ್ಲಿ, ಸ್ವಲ್ಪ ತಡೀರಿ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರ ಸುಮ್ನೆ ನೆಟ್ಟಿಲ್ಲ.

ನನ್ನದು ಕೈಯಿಂದ ತಿರುಗಿಸುವ ರೇಲ್. ಅದರ ಮೇಲೆ ಹಳೆಯ ಎಪಿಎಸ್-ಸಿ ಕ್ಯಾಮೆರಾ (ಒಳಗೆ ಬೆಳಕು ಹಿಡಿಯುವ ಸೆನ್ಸರ್ ಚಿಕ್ಕ ಅಳತೆಯದು), 100 ಎಂಎಂ ಮ್ಯಾಕ್ರೊ ಲೆನ್ಸ್. ಹುಳ ಎಷ್ಟು ದೊಡ್ಡದೋ ಸೆನ್ಸರ್ ಮೇಲೂ ಅಷ್ಟೇ ದೊಡ್ಡದಾಗಿ ಬೀಳುವಷ್ಟು ಹತ್ತಿರ ಹೋದರೆ, ಲೆನ್ಸ್‌ನ ಕಿಂಡಿ ಕಿರಿದು ಮಾಡಿ ಎಫ್/8ಕ್ಕೆ ಇಟ್ಟರೂ ಚೂಪಾಗಿ ಬರುವುದು ಅರ್ಧ ಮಿಲಿಮೀಟರ್‌ಗಿಂತ ಚೂರು ಜಾಸ್ತಿ, ಅಷ್ಟೇ. ಕಣ್ಣು ಚೂಪಾದರೆ ಮೀಸೆ ಮಸುಕು. ಕಿಂಡಿ ಇನ್ನೂ ಕಿರಿದು ಮಾಡಿ ಎಫ್/22ಕ್ಕೆ ಹೋದರೆ ಆಯ್ತಲ್ವಾ ಅಂತ ನಾನೂ ಅಂದುಕೊಂಡಿದ್ದೆ. ಇಷ್ಟು ಹತ್ತಿರದಲ್ಲಿ ಅದು ಲೆಕ್ಕಕ್ಕೆ ಎಫ್/44. ಅಷ್ಟು ಸಣ್ಣ ಕಿಂಡಿಯಲ್ಲಿ ಬೆಳಕು ಹರಡಿಕೊಂಡು ಇಡೀ ಫೋಟೋನೇ ಮೆತ್ತಗಾಗುತ್ತದೆ. ಅದಕ್ಕೇ ಫೋಕಸ್ ಸ್ಟ್ಯಾಕಿಂಗ್. ಕ್ಯಾಮೆರಾ ಚೂರುಚೂರೇ ಮುಂದೆ ಸರಿಸುತ್ತಾ ಹತ್ತಾರು ಫೋಟೋ ತೆಗೆದು, ಒಂದೊಂದರಲ್ಲಿ ಚೂಪಾಗಿರುವುದನ್ನಷ್ಟೇ ಸಾಫ್ಟ್‌ವೇರ್‌ನಲ್ಲಿ ಕೂಡಿಸುವುದು.

ಒಮ್ಮೆ ಜಾಲಿ ಗಿಡದ ಕೆಳಗೆ ಸತ್ತುಬಿದ್ದ ಜೀರ್ಜಿಂಬೆ ಸಿಕ್ಕಿತು. ಚಿಕ್ಕವರಿದ್ದಾಗ ಕಡ್ಡಿಪೆಟ್ಟಿಗೆಯಲ್ಲಿ ಸಾಕುತ್ತಿದ್ದೆವಲ್ಲ, ಅದೇ. ರೇಲ್‌ನ ತಿರುಪು ಒಂದು ಸುತ್ತಿಗೆ 1 ಮಿಲಿಮೀಟರ್ ಸರಿಯುತ್ತದೆ. ಕಾಲು ಸುತ್ತು, ಎರಡು ಸೆಕೆಂಡ್ ಟೈಮರ್, ಕ್ಲಿಕ್. ಮತ್ತೆ ಕಾಲು ಸುತ್ತು. ಮೀಸೆಯ ತುದಿಯಿಂದ ಕುತ್ತಿಗೆವರೆಗೆ 8 ಮಿಲಿಮೀಟರ್, 33 ಫೋಟೋ. ರಸ್ತೆಯಲ್ಲಿ ಲಾರಿ ಹೋದರೆ ಟೇಬಲ್ ನಡುಗುತ್ತಿತ್ತು, ಹಾಗಾಗಿ ಅಡುಗೆಮನೆಯ ಕಡಪಾ ಕಲ್ಲಿನ ಕಟ್ಟೆಗೆ ಬಂದೆ. ಫ್ಯಾನ್ ಬಂದ್. ತಿಂಗಳು ಏಪ್ರಿಲ್. "ಒಂದು ಸತ್ತ ಹುಳದ ಸಲುವಾಗಿ ನಾವೆಲ್ಲಾ ಬೆವರಬೇಕೇನ್ರೀ?" ಅಂದಳು ಹೆಂಡತಿ. ಫೋಟೋ ಕೂಡಿಸಿ ನೋಡಿದರೆ, ನುಣ್ಣಗಿದೆ ಅಂದುಕೊಂಡಿದ್ದ ಹಸಿರು ಕುತ್ತಿಗೆಯ ತುಂಬ ಸೂಜಿಯಿಂದ ಚುಚ್ಚಿದಂಥ ತಗ್ಗುಗಳು. ಅಂಚಿಗೆಲ್ಲ ತಾಮ್ರದ ಬಣ್ಣ. ಅದನ್ನು ತವರುಮನೆಗೆ ವಾಟ್ಸಾಪ್ ಮಾಡಿದವಳೂ ಅವಳೇ.

ವರ್ಷ ತುಂಬುವಷ್ಟರಲ್ಲಿ ತಿರುಪಿಗೆ ಪ್ಲೇ ಬಂತು. ಗುಂಡಿ ತಿರುಗುತ್ತದೆ, ಕ್ಯಾಮೆರಾ ಜಾಗ ಬಿಡುವುದಿಲ್ಲ. ಕಂಪನಿಗೆ ಬರೆದೆ, ಉತ್ತರ ಇಲ್ಲ. ಬೆಟಗೇರಿಯ ಒಂದು ಲೇತ್ ಅಂಗಡಿಯ ಹುಡುಗ ತೆಳು ಹಿತ್ತಾಳೆ ವಾಷರ್ ಕೂಡಿಸಿ, "ಒಂದ ಕಡೆ ತಿರುವ್ರಿ ಸರ್, ಹಿಂದಕ್ಕ ಬರಬ್ಯಾಡ್ರಿ" ಅಂದ. ಐವತ್ತು ರೂಪಾಯಿ ತಗೊಂಡ. ರೇಲ್ ಜೊತೆ ಬಂದ ಕಾಗದದಲ್ಲಿ ಈ ಮಾತು ಇರಲಿಲ್ಲ.

ಫೋಟೋ ಕೂಡಿಸುವುದಕ್ಕೆ ಜೆರೀನ್ ಸ್ಟ್ಯಾಕರ್ ಅನ್ನುವ ಸಾಫ್ಟ್‌ವೇರ್ ಬಳಸುತ್ತೇನೆ. ಕೂದಲು, ಮೀಸೆ ಒಂದರ ಮೇಲೊಂದು ಬಂದಲ್ಲಿ ಅದರ ಪಿಮ್ಯಾಕ್ಸ್ ವಿಧಾನ ಒಳ್ಳೆಯದು, ಕಾಂಟ್ರಾಸ್ಟ್ ಮಾತ್ರ ಏರಿಸುತ್ತದೆ. ಬಣ್ಣ ಇದ್ದಂಗೇ ಬೇಕಂದರೆ ಇನ್ನೊಂದು ವಿಧಾನ, ಡಿಮ್ಯಾಪ್. ನಾನು ಎರಡನ್ನೂ ಮಾಡಿ, ಕೂದಲಷ್ಟನ್ನು ಮೊದಲನೆಯದರಿಂದ ತಂದು ಹಚ್ಚುತ್ತೇನೆ.

ಹೊರಗೆ ಕೈ ಹಿಡಿದದ್ದು ಚಳಿಗಾಲದ ಬೆಳಗು ಒಂದೇ. ಭೀಷ್ಮ ಕೆರೆ ದಂಡೆಯಲ್ಲಿ ಇಬ್ಬನಿ ಹೊತ್ತ ಏರೋಪ್ಲೇನ್ ಚಿಟ್ಟೆ ಬಿಸಿಲು ಬೀಳುವವರೆಗೂ ಅಲುಗುವುದಿಲ್ಲ. ಹತ್ತು ಹನ್ನೆರಡು ಫೋಟೋ ಸಿಕ್ಕರೆ ನನ್ನ ಪುಣ್ಯ. ಜೂನ್‌ನಲ್ಲಿ ಮೊದಲ ಮಳೆಗೆ ಕೆಂಪು ಮಖಮಲ್ಲಿನಂಥ ಮಿರಗದ ಹುಳ ಎದ್ದಾಗಲೂ ಕೆಂಪು ಮಣ್ಣಿನಲ್ಲಿ ಬೋರಲು ಮಲಗಿದಂಗೆ ಬಗ್ಗಿ ಪ್ರಯತ್ನಿಸಿದೆ. ಆ ಮಖಮಲ್ಲು ಚೂಪಾಗಿಯೇ ಬಂತು. ಆದರೆ ಹುಳ ನಿಲ್ಲಬೇಕಲ್ಲ! ಕೂಡಿಸಿದಾಗ ಎಂಟು ಕಾಲಿನ ಹುಳಕ್ಕೆ ಹನ್ನೆರಡು ಕಾಲು ಬಂದಿದ್ದವು.